ಕೆಂಚಿಯ ಹುರುಳಿ, ನಮ್ಮನೆ ಸಾರು

ಮನೆಮಂದಿಯೆಲ್ಲ ಸೇರಿ ಒಬ್ಬರನ್ನು ಗಟ್ಟಿಮುಟ್ಟು ಮಾಡಿಯೇ ತೀರುತ್ತೇವೆಂದು ಹಟ ತೊಟ್ಟರೆ, ಆ ಒಬ್ಬರ ಪಾಡು ಯಾರಿಗೂ ಬೇಡ. ಇದನ್ನು ನಾನು ಎರಡೂ ಕಡೆ ನಿಂತು ನೋಡಿ ಹೇಳುತ್ತಿದ್ದೇನೆ. ಹರೆಯದಲ್ಲಿ ಗಟ್ಟಿ ಮಾಡುವವರ ಗುಂಪಿನಲ್ಲಿದ್ದೆ, ಈಗ ಮುದುಕಿಯಾಗಿ ಮಾಡಿಸಿಕೊಳ್ಳುವವರ ಜಾಗಕ್ಕೆ ಬಂದಿದ್ದೇನೆ. ಮಂಡಿ ನೋಯುತ್ತದೆಂದು ಡಾಕ್ಟರ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು. "ಅಜ್ಜಿ, ದಿನಾ ನಡೀಬೇಕು, ಕಾಳು ತಿನ್ನಬೇಕು, ಕಾಲಿಗೆ ಎಣ್ಣೆ ಹಾಕಿ ತಿಕ್ಕಿಸ್ಕೋಬೇಕು" ಎಂದರು. ಆ ಮಾತನ್ನು ನನ್ನ ಮುಖ ನೋಡಿ ಹೇಳಿದ್ದರೆ ಅದು ಅವರ ಮೇಜಿನ ಮೇಲೇ ಬಿದ್ದಿರುತ್ತಿತ್ತು, ನಾನು ಎತ್ತಿಕೊಂಡು ಬರುತ್ತಿರಲಿಲ್ಲ. ಅವರು ಹೇಳಿದ್ದು ನನ್ನ ಸೊಸೆ ಶೈಲಾಳ ಮುಖ ನೋಡಿ. ಅವತ್ತಿನಿಂದ ಬೆಳಗಾದರೆ ಎಣ್ಣೆ, ಮಧ್ಯಾಹ್ನವಾದರೆ ಹುರುಳಿ, ಸಂಜೆಯಾದರೆ ಚಂದ್ರವಳ್ಳಿ ಕಡೆಗೆ ನಡಿಗೆ. "ಯಾವ ಪಂದ್ಯಕ್ಕೆ ಬಿಡ್ತೀಯೇ ನನ್ನ?" ಎಂದು ಕೇಳಿದರೆ, "ಸುಮ್ನೆ ಕಾಲು ಚಾಚ್ರಿ ಅತ್ತೆ" ಎನ್ನುತ್ತಾಳೆ. ಈ ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದವಳೂ ಅವಳೇ. ಅತ್ತೆಗೆ ಒಂದು ಕೆಲಸ ಸಿಕ್ಕಿದರೆ ಅಡುಗೆಮನೆಗೆ ಬರುವುದು ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದಳು. ಈಗ ನಾನು ಮಂಚದ ಮೇಲೆ ಕೂತು ಅಡುಗೆಮನೆಯಲ್ಲಿರುವ ಅವಳಿಗೆ "ಉಪ್ಪು ಕಡಿಮೆ" ಎಂದು ಮೆಸೇಜ್ ಹಾಕುತ್ತೇನೆ.

ಮೊನ್ನೆ ಅವಳು ಹುರುಳಿ ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿದಳು. ಚೊಂಯ್ ಎಂದು ಸದ್ದಾಗಿ ಆ ವಾಸನೆ ಮೂಗಿಗೆ ಬಂದದ್ದೇ, ನಾನು ಎಪ್ಪತ್ತರ ದಶಕದ ನಮ್ಮ ಅಪ್ಪನ ಮನೆ ಹಟ್ಟಿಯಲ್ಲಿ ನಿಂತಿದ್ದೆ. ಎದುರಿಗೆ ಕೆಂಚಿ ನಿಂತಿತ್ತು, ಬಾಯಿತುಂಬ ಹುರುಳಿ ಅಗಿಯುತ್ತ.

ಕೆಂಚಿ ನಮ್ಮ ಹೆಣ್ಣು ಕುದುರೆ. ಕುದುರೆ ಎಂದೊಡನೆ ರಾಜರ ಪಟದಲ್ಲಿರುವ ಎತ್ತರದ ಪ್ರಾಣಿಯನ್ನು ನೆನೆಯಬೇಡಿ. ನಮ್ಮದು ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರಿನ ಹತ್ತಿರದ ಒಂದು ಹಳ್ಳಿ, ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆಗೆ ಹೋಗಿ, ಅಲ್ಲಿ ಹೊಲಗದ್ದೆಗಳಲ್ಲಿ ಮಂದೆ ನಿಲ್ಲಿಸಿ, ಮಳೆಗಾಲದ ಹೊತ್ತಿಗೆ ಊರಿಗೆ ತಿರುಗುವವರು. ಆ ಅಲೆದಾಟದಲ್ಲಿ ಪಾತ್ರೆ, ಕಂಬಳಿ, ದೇವರ ಬುಟ್ಟಿ ಹೊರುವುದಕ್ಕೆ ಒಂದು ಕುಳ್ಳ ಕುದುರೆ ಬೇಕು. ದಾರಿಯಲ್ಲಿ ಹುಟ್ಟಿದ ಕುರಿಮರಿಗಳಿಗೆ ನಡೆಯಲು ಬರುವುದಿಲ್ಲವಲ್ಲ, ಅವುಗಳನ್ನು ಕುದುರೆಯ ಎರಡೂ ಪಕ್ಕ ಇಳಿಬಿಟ್ಟ ಕಂಬಳಿ ಚೀಲಗಳಲ್ಲಿ ಕೂರಿಸುತ್ತಿದ್ದರು. ಮರಿಗಳು ತಲೆ ಮಾತ್ರ ಹೊರಗೆ ಹಾಕಿಕೊಂಡು, ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕವರ ಹಾಗೆ ಊರು ನೋಡುತ್ತ ಹೋಗುತ್ತಿದ್ದವು. ಕೆಂಚಿ ಹುಟ್ಟಿದಾಗಿನಿಂದ ಮಾಡಿದ್ದು ಇದೊಂದೇ ಕೆಲಸ.

ಅಪ್ಪನಿಗೆ ಉಬ್ಬಸ ಹೆಚ್ಚಾಗಿ ಅಲೆಯುವುದು ಆಗದೆ ಹೋದಾಗ ಅಣ್ಣತಮ್ಮಂದಿರು ಪಾಲಾದರು. ಪಂಚಾಯ್ತಿಯಲ್ಲಿ ಕೂತು ಅಪ್ಪ ಒಂದು ಮಾತು ಹೇಳಿದ. ಅದನ್ನು ನೆನೆಸಿಕೊಂಡು ನಮ್ಮೂರಿನವರು ಎಷ್ಟೋ ವರ್ಷ ನಕ್ಕರು. "ಕುರಿ ಎಲ್ಲಾ ನೀವೇ ತಗಳ್ರಪ್ಪ. ಕೆಂಚಿ ಒಂದು ನನಗಿರ್ಲಿ" ಎಂದ. ಚಿಕ್ಕಪ್ಪಂದಿರು ಮುಖ ಮುಖ ನೋಡಿಕೊಂಡು, ಅಣ್ಣ ಮನಸ್ಸು ಬದಲಾಯಿಸುವ ಮೊದಲು ಎಲೆ ಅಡಿಕೆ ಮುಟ್ಟಿಬಿಟ್ಟರು. ಕುರಿ ಹೋಯಿತು, ಒಣಹೊಲ ಉಳಿಯಿತು, ಹಟ್ಟಿಯಲ್ಲಿ ಕುದುರೆ ಉಳಿಯಿತು. ಹೊರಲು ಹೊರೆಯಿಲ್ಲ, ಹೋಗಲು ಊರಿಲ್ಲ. ತಿನ್ನಲು ಮಾತ್ರ ಎರಡು ಹೊತ್ತು ಬೇಕು.

ಅವ್ವನಿಗೆ ಕೆಂಚಿಯನ್ನು ಕಂಡರೆ ಆಗುತ್ತಿರಲಿಲ್ಲ. ಕುರಿ ಕೊಟ್ಟ ಸಿಟ್ಟು ಎಂದು ನಾನೂ ಅಂದುಕೊಂಡಿದ್ದೆ. ಹಟ್ಟಿ ಗುಡಿಸುವಾಗ ಕುದುರೆ ನಿಂತ ಜಾಗವನ್ನು ಬಿಟ್ಟು ಸುತ್ತ ಗುಡಿಸುತ್ತಿದ್ದಳು. ನಾವೀಗ ಇರುವ ಈ ದುರ್ಗದಿಂದ ಬಂದಿದ್ದ ಜಟಕಾದವನೊಬ್ಬ ಕೆಂಚಿಯ ಕಾಲು ನೋಡಿ, "ಕೊಟ್ರೆ ಗಾಡಿಗೆ ಹೂಡ್ತೀನಿ" ಎಂದು ಹೇಳಿ ಹೋದ ಮೇಲೆ ಅವ್ವನಿಗೆ ಅದೊಂದೇ ಧ್ಯಾನ.

"ಕೊಟ್ಟು ಕೈ ತೊಳ್ಕಳ್ರಿ. ನನ್ ಕಣ್ಮುಂದೆ ಇರಬಾರ್ದು ಅದು."

"ಪಾಪದ್ದು, ಏನ್ ಮಾಡೈತೆ ನಿನಗೆ?"

"ಏನ್ ಮಾಡೈತೋ ಬಿಟ್ಟೈತೋ, ಇರಬಾರ್ದು ಅಂದ್ರೆ ಇರಬಾರ್ದು."

ಈ ನಡುವೆ ಹೊಸದುರ್ಗದಲ್ಲಿ ಲಾಳ ಕಟ್ಟುವ ಇಮಾಂ ಸಾಬರು ಒಂದು ಸುದ್ದಿ ತಂದರು. ದುರ್ಗದ ಜಟಕಾ ಸ್ಟ್ಯಾಂಡಿನವರೆಲ್ಲ ಸೇರಿ ಊರ ಹೊರಗಿನ ಬಯಲಿನಲ್ಲಿ ಕುದುರೆ ಓಟದ ಪಂದ್ಯ ಇಟ್ಟಿದ್ದಾರಂತೆ, ಗೆದ್ದವರಿಗೆ ಹಿತ್ತಾಳೆ ಕೊಡವಂತೆ, ಜರಿ ರುಮಾಲಂತೆ. ಸಾಬರಿಗೆ ಕುದುರೆಯ ಗೊರಸು ಚೆನ್ನಾಗಿ ಗೊತ್ತಿತ್ತು. ಗೊರಸಿನಿಂದ ಮೇಲಕ್ಕೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ಮಾತ್ರ ಅವರ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. "ಅಣ್ಣ, ಈ ಕುದುರೆ ಕಾಲ್ನಾಗೆ ಗಾಳಿ ಐತೆ! ನನ್ ಕೈಗೆ ಕೊಡು, ದುರ್ಗದೋರ ಕಣ್ಣಿಗೆ ಮಣ್ಣು ಹಾರಿಸ್ತೀನಿ" ಎಂದರು. ಅಪ್ಪನ ಮುಖದಲ್ಲಿ ಬೆಳಕು ಬಂತು. ಅವತ್ತು ಊಟಕ್ಕೆ ಕೂತಾಗ ಅವ್ವನಿಗೆ ಮಾತು ಕೊಟ್ಟ. "ಗೆದ್ರೆ ಕೆಂಚಿ ಸಾಯೋತನ್ಕ ಇದೇ ಹಟ್ಟಿಯಾಗಿರ್ತಾಳೆ, ನೀನು ತುಟಿ ಬಿಚ್ಚಂಗಿಲ್ಲ. ಸೋತ್ರೆ ಅಲ್ಲೇ ಬಯಲ್ನಾಗೇ ಜಟಕಾದೋನ ಕೈಗೆ ಹಗ್ಗ ಕೊಟ್ಟು ಬರ್ತೀನಿ."

"ದೇವ್ರ ಬುಟ್ಟಿ ಮುಟ್ಟಿ ಹೇಳ್ರಿ."

ಅಪ್ಪ ಎಡಗೈಯಲ್ಲಿ ತಟ್ಟೆ ಹಿಡಿದೇ ಎದ್ದು ಹೋಗಿ ಬುಟ್ಟಿ ಮುಟ್ಟಿ ಬಂದ.

ಮರುದಿನದಿಂದ ನಮ್ಮ ಮನೆ ಕುದುರೆಯ ಆಸ್ಪತ್ರೆಯಾಯಿತು, ಗರಡಿಯೂ ಆಯಿತು. ಸಾಬರ ಕಟ್ಟಳೆಗಳು ಒಂದೆರಡಲ್ಲ. ಹುಲ್ಲನ್ನು ಕೊಡವಿ ಧೂಳು ತೆಗೆದು ಹಾಕಬೇಕು, ಓಡಿ ಬಂದ ಮೈ ಆರುವ ತನಕ ನೀರು ತೋರಿಸಬಾರದು, ಒಣಹುಲ್ಲಿನ ಸಿಂಬೆಯಿಂದ ಮೈ ತಿಕ್ಕಬೇಕು, ಕಾಲಿಗೆ ಹರಳೆಣ್ಣೆ ಹಚ್ಚಬೇಕು. ಬೆಲ್ಲ ತುಪ್ಪ ಕಲಸಿ ಉಂಡೆ ಕಟ್ಟಿ ಬೆಳಿಗ್ಗೆ ತಿನ್ನಿಸಬೇಕು. ಉಂಡೆ ತಿನ್ನಿಸುವ ಕೆಲಸ ನನ್ನದು. ನಾನು ಅರ್ಧ ತಿಂದು ಅರ್ಧ ಅದಕ್ಕೆ ಕೊಡುತ್ತಿದ್ದೆ. ಕೆಂಚಿ ಚಾಡಿಕೋರಿ, ಅಪ್ಪ ಬಂದ ತಕ್ಷಣ ನನ್ನ ಬಾಯಿಗೆ ಮೂಗಿಟ್ಟು ಮೂಸುತ್ತಿತ್ತು. "ಏನೇ ಗಂಗಿ, ನೀನೂ ಪಂದ್ಯಕ್ಕೆ ಹೊಂಟೀಯೇನು?" ಎಂದು ಅಪ್ಪ ಕೇಳುತ್ತಿದ್ದ.

ದೊಡ್ಡ ಯುದ್ಧ ನಡೆದದ್ದು ಹುರುಳಿಕಟ್ಟಿಗೆ. ಅಲ್ಲಿಯವರೆಗೆ ನಮ್ಮಲ್ಲಿದ್ದ ಏರ್ಪಾಡು ಸರಳವಾಗಿತ್ತು. ಕುದುರೆಗೆ ಹುರುಳಿ ಬೇಯಿಸುವುದು, ಕಟ್ಟು ಬಸಿದು ನಮಗೆ ಸಾರು ಮಾಡುವುದು. ಕಾಳು ಅದಕ್ಕೆ, ನೀರು ನಮಗೆ. ನಮ್ಮ ಬಡತನದಲ್ಲಿ ರುಚಿ ಅಂತ ಇದ್ದದ್ದು ಆ ಸಾರೊಂದೇ, ಅದರಲ್ಲಿ ಅವ್ವನ ಕೈ ಮೀರಿಸುವವರಿರಲಿಲ್ಲ. ಸಾಬರು ಒಂದು ದಿನ ಊಟದ ಹೊತ್ತಿಗೆ ಬಂದು ಸಾರು ಉಂಡು, ಕೈ ನೆಕ್ಕಿ, ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯಯ್ಯೋ! ಕುದುರೆ ತಾಕತ್ತೆಲ್ಲಾ ನೀವೇ ಉಣ್ತಾ ಇದ್ದೀರಲ್ರೀ!" ಅವತ್ತಿನಿಂದ ಕಟ್ಟೂ ಕೆಂಚಿಗೇ ಎಂದು ಅಪ್ಪನ ಅಪ್ಪಣೆಯಾಯಿತು. ಅವ್ವ ಜಗ್ಗಲಿಲ್ಲ. ಅಪ್ಪ ಹೊಲಕ್ಕೆ ಹೋದಾಗ ಕಟ್ಟು ಬಸಿದಿಟ್ಟು, ಹುರುಳಿಗೆ ಬಿಸಿನೀರು ಬೆರೆಸಿ ಕುದುರೆಯ ಮುಂದಿಡುತ್ತಿದ್ದಳು. ಅಪ್ಪ ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟವನೇ ಕಣ್ಣು ಕಿರಿದು ಮಾಡಿ, "ಯಾಕೆ ಇವತ್ತು ಸಾರು ಇಷ್ಟು ಚೆನ್ನಾಗೈತೆ?" ಎಂದು ಗುಡುಗುತ್ತಿದ್ದ. ಸಾರು ಚೆನ್ನಾಗಿದ್ದದ್ದಕ್ಕೆ ಹೆಂಡತಿಯನ್ನು ಬೈದ ಗಂಡಸು ನಮ್ಮ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ಬೈದ ಮೇಲೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ.

ಸವಾರ ಯಾರು ಎನ್ನುವುದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಅವ್ವನ ಕೊನೆಯ ತಮ್ಮ ತಿಪ್ಪೇಶಿ ಮಾವ ನಮ್ಮ ಮನೆಯಲ್ಲೇ ಇದ್ದ. ಸೀಗೆಕಡ್ಡಿಯಂಥ ಆಳು, ಗಾಳಿ ಬೀಸಿದ ದಿನ ಹೊರಗೆ ಬಿಡಲು ಹೆದರಿಕೆಯಾಗುತ್ತಿತ್ತು. "ಇವನು ಕುಂತ್ರೆ ಕುದುರೆಗೆ ಗೊತ್ತೇ ಆಗಲ್ಲ" ಎಂದರು ಸಾಬರು. ಆದರೆ ಕೂರಲು ಅಪ್ಪ ಬಿಡಲಿಲ್ಲ. ಕೆಂಚಿಯದು ದೇವರ ಬುಟ್ಟಿ ಹೊತ್ತ ಬೆನ್ನು. ಅಂಥ ಕುದುರೆಯ ಮೇಲೆ ನಮ್ಮ ಮನೆತನದಲ್ಲಿ ಮನುಷ್ಯರು ಹತ್ತುವುದಿಲ್ಲ, ಅಪ್ಪನೂ ಹತ್ತಿದವನಲ್ಲ, ಅಜ್ಜನೂ ಹತ್ತಿದವನಲ್ಲ.

"ಅರೇ ಅಣ್ಣ, ಕುಂದ್ರದೆ ರೇಸ್ ಹೆಂಗೆ?" ಎಂದು ಸಾಬರು ಕೇಳಿದರು.

"ಅವತ್ತೊಂದಿನಕ್ಕೆ ದೇವ್ರತ್ರ ಅಪ್ಪಣೆ ಕೇಳ್ಕಂಡು ಕುಂತ್ರಾತು. ಅಲ್ಲೀಗಂಟ ಬರೀ ಓಡಿಸಾಣ."

ಸಾಬರು ಗಡ್ಡ ಸವರಿಕೊಂಡು, ಒಂದು ಗಳಿಗೆ ಯೋಚಿಸಿದವರಂತೆ ಮಾಡಿ, "ಅದೂ ಒಳ್ಳೇದೇ. ಬೆನ್ನು ಹೊಸದಾಗಿರುತ್ತೆ" ಎಂದುಬಿಟ್ಟರು.

ಹೀಗೆ ನಾವು ಒಂದು ಕುದುರೆಯನ್ನು ತಿಂಗಳುಗಟ್ಟಲೆ ಪಂದ್ಯಕ್ಕೆ ತಯಾರು ಮಾಡಿದೆವು, ಅದರ ಮೇಲೆ ಒಬ್ಬರೂ ಕೂರದೆ. ತಿಪ್ಪೇಶಿ ಮಾವ ಸೈಕಲ್ಲಿನ ಹಿಂದೆ ಹುರುಳಿ ಚೀಲ ಕಟ್ಟಿಕೊಂಡು ಬಾಗೂರಿನ ಗಾಡಿದಾರಿಯಲ್ಲಿ ತುಳಿಯುತ್ತಿದ್ದ, ಕೆಂಚಿ ಚೀಲದ ಆಸೆಗೆ ಹಿಂದೆ ಓಡುತ್ತಿತ್ತು. ಓಡುತ್ತಿತ್ತು ಎಂದರೆ ಓಡುವುದೇ! ಬಾಲ ನೆಟ್ಟಗೆ, ಕಿವಿ ಹಿಂದಕ್ಕೆ, ಧೂಳಿನಲ್ಲಿ ಕಾಲು ಕಾಣುತ್ತಿರಲಿಲ್ಲ. ಮಾವನನ್ನು ಹಿಂದೆ ಹಾಕಿ, ಅಡ್ಡ ನಿಂತು, ಸೈಕಲ್ಲನ್ನೂ ಮಾವನನ್ನೂ ಬೇಲಿಗೆ ಕೆಡವಿ ಹುರುಳಿ ತಿನ್ನುತ್ತಿತ್ತು. ಮಾವನಿಗೆ ಜಾಲಿಮುಳ್ಳು ಕೀಳುವುದು ನನ್ನ ಇನ್ನೊಂದು ಕೆಲಸ. ನನ್ನ ಸ್ವಂತ ಮದುವೆಯ ಮಾತುಕತೆ ಶುರುವಾದದ್ದು ಆ ಮುಳ್ಳುಗಳಿಂದಲೇ ಎಂದು ಊರಿನವರು ಹೇಳುತ್ತಿದ್ದರು. ಅದಕ್ಕಿಂತ ಮೊದಲು ಒಮ್ಮೆ ಹೊರಗಿನವರು ಹೆಣ್ಣು ನೋಡಲು ಬಂದಿದ್ದರು. ಅವರು ಬರುವ ಹೊತ್ತಿಗೆ ನಾನು ಸೀರೆ ಕಚ್ಚೆ ಹಾಕಿಕೊಂಡು ಹಳ್ಳದ ಮರಳಿನಲ್ಲಿ ಕೆಂಚಿಯ ಜೊತೆ ಓಡುತ್ತಿದ್ದೆ. ಮರಳಿನಲ್ಲಿ ಓಡಿದರೆ ಮೀನಖಂಡ ಗಟ್ಟಿಯಾಗುತ್ತದೆಂದು ಸಾಬರು ಹೇಳಿದ್ದರು, ಯಾರ ಮೀನಖಂಡ ಎಂದು ಬಿಡಿಸಿ ಹೇಳಿರಲಿಲ್ಲ. ಬಂದವರು ಉಪ್ಪಿಟ್ಟು ತಿಂದು ಹೋಗುವಾಗ ಕುದುರೆಯನ್ನು ಮಾತ್ರ ಹೊಗಳಿದರು.

ಪಂದ್ಯ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕೆಂಚಿಗೆ ಹೊಟ್ಟೆಶೂಲೆ ಬಂತು. ಓಡಿ ಬಂದ ಬಿಸಿಯಲ್ಲೇ ಮಾವ ಕರುಣೆಯಿಂದ ಬಕೀಟು ನೀರು ಕುಡಿಸಿದ್ದ. ಅದು ಹೊಟ್ಟೆಯ ಕಡೆ ತಿರುತಿರುಗಿ ನೋಡುತ್ತ, ನೆಲ ಕೆರೆಯುತ್ತ, ಬಿದ್ದು ಹೊರಳಾಡಲು ಶುರು ಮಾಡಿತು. ಹೊರಳಿದರೆ ಕರುಳು ತಿರುಚಿಕೊಂಡು ಸಾಯುತ್ತದೆ ಎಂದು ಅಪ್ಪ ಹಗ್ಗ ಹಿಡಿದು ಎಬ್ಬಿಸಿ, ಆ ಉಬ್ಬಸದಲ್ಲೇ ಕೇರಿಯ ಉದ್ದಕ್ಕೂ ನಡೆಸತೊಡಗಿದ. ಅವನ ಎದೆ ಕೊಳಲಿನಂತೆ ಸಿಳ್ಳೆ ಹಾಕುತ್ತಿತ್ತು. ಸಾಬರಿಗೆ ಹೇಳಿ ಕಳಿಸುವಷ್ಟು ಹೊತ್ತಿರಲಿಲ್ಲ. ಆಗ ಒಳಗಿನಿಂದ ಅವ್ವ ಬಂದಳು. ಓಂಕಾಳು, ಇಂಗು, ಶುಂಠಿ ಕುದಿಸಿದ ಕಷಾಯವನ್ನು ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ತುಂಬಿ, ಕುದುರೆಯ ತಲೆ ಎತ್ತಿಸಿ ಬಾಯಿಯ ಸಂದಿಯಲ್ಲಿ ಸುರಿದಳು. ಆಮೇಲೆ ಬಿಸಿ ಇಟ್ಟಿಗೆಗೆ ಬಟ್ಟೆ ಸುತ್ತಿ ಹೊಟ್ಟೆಗೆ ಶಾಖ ಕೊಡುತ್ತ ಅದರ ಕಿವಿಯಲ್ಲಿ ಬೈಯುತ್ತಿದ್ದಳು.

"ಸಾಯಬ್ಯಾಡ ಮುಂಡೇದೆ. ಸತ್ತು ತಪ್ಪಿಸ್ಕಂತೀಯೇನು? ನಿನ್ನ ಮಾರಾದೈತೆ ನಾನು. ಏಳು, ನಡೀ!"

ಬೈಗುಳ ಬಾಯಲ್ಲಿತ್ತು, ಕೈ ಮಾತ್ರ ಕುದುರೆಯ ಎಡಪಕ್ಕವನ್ನು, ಕಂಬಳಿ ಚೀಲ ತೂಗುತ್ತಿದ್ದ ಜಾಗವನ್ನು, ಮೆಲ್ಲಗೆ ನೇವರಿಸುತ್ತಿತ್ತು. ಸಂಜೆ ಹೊತ್ತಿಗೆ ಕೆಂಚಿ ಲದ್ದಿ ಹಾಕಿತು. ಲದ್ದಿ ನೋಡಿ ಒಂದು ಮನೆಯವರೆಲ್ಲ ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ. ಅವ್ವ ಕೈ ತೊಳೆದುಕೊಂಡು ಒಳಗೆ ಹೋದವಳು, ಮರುದಿನ ಮತ್ತೆ ಅದು ನಿಂತ ಜಾಗ ಬಿಟ್ಟು ಹಟ್ಟಿ ಗುಡಿಸಿದಳು.

ಹೊರಡುವ ಮುನ್ನ ಅಪ್ಪ ದೇವರ ಬುಟ್ಟಿಗೆ ಹೂ ಏರಿಸಿ, ಬೆನ್ನಿನ ಮೇಲೆ ಮನುಷ್ಯ ಕೂರಲು ಅಪ್ಪಣೆ ಕೇಳಿದ. ಬಲಕ್ಕೆ ಹೂ ಬಿದ್ದರೆ ಹೂಂ ಎಂದು ಅರ್ಥ. ಹೂ ಅಲುಗಲೇ ಇಲ್ಲ. ಕೂತು ಕೂತು ನನ್ನ ಕಾಲು ಜೋಮು ಹಿಡಿಯಿತು. ಅಷ್ಟರಲ್ಲಿ ತಿಪ್ಪೇಶಿ ಮಾವ "ಆತೇನ್ ಭಾವ?" ಎಂದು ಬಾಗಿಲು ತಳ್ಳಿಕೊಂಡು ಬಂದ. ಬಂದ ಗಾಳಿಗೆ ಹೂ ಬಲಕ್ಕೆ ಬಿತ್ತು. ಅಪ್ಪ ಕೈಮುಗಿದು, "ಗಾಳಿನೂ ಅವಂದೇ" ಎಂದ.

ಅಪ್ಪನೂ ಮಾವನೂ ಕೆಂಚಿಯನ್ನು ಸುಸ್ತಾಗದ ಹಾಗೆ ನಡೆಸಿಕೊಂಡು ಮೊದಲೇ ಹೊರಟರು. ಹಗ್ಗ ಕೊಡುವುದನ್ನು ಕಣ್ಣಾರೆ ನೋಡಬೇಕೆಂದು ಅವ್ವ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಹೊಳಲ್ಕೆರೆ ಹತ್ತಿರ ಬಂದಾಗ ಸೆರಗನ್ನು ಮುಖದ ತುಂಬ ಎಳೆದುಕೊಂಡಳು. ಈ ದಾರಿಯಲ್ಲಿ ಯಾವಾಗ ಹೋದರೂ ಅವ್ವ ಹೀಗೇ, ಹೊಳಲ್ಕೆರೆ ದಾಟುವ ತನಕ ಮುಖ ತೆಗೆಯುತ್ತಿರಲಿಲ್ಲ. ಬಸ್ಸಿನ ವಾಂತಿಗೆ ಹೀಗೆ ಮಾಡುತ್ತಾಳೆ ಎಂದುಕೊಂಡು ನಾನು ನಿಂಬೆಹಣ್ಣು ಇಟ್ಟುಕೊಂಡಿರುತ್ತಿದ್ದೆ. ಅವತ್ತೂ ಸೆರಗಿನೊಳಗೆ ಕೈ ತೂರಿಸಿ ಮೂಗಿಗೆ ಹಿಡಿದೆ. ಕೈ ಒದ್ದೆಯಾಯಿತು. ನಿಂಬೆಹಣ್ಣು ಒಡೆದಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟಿತ್ತು.

ದುರ್ಗದ ಬಯಲಿನಲ್ಲಿ ಬಂಡೆಗಳ ಮೇಲೆಲ್ಲ ಜನ ಹತ್ತಿ ಕೂತಿದ್ದರು. ಜಟಕಾ ಕುದುರೆಗಳು ಗೆಜ್ಜೆ, ಗರಿ ಕಟ್ಟಿಕೊಂಡು ಮದುವೆಮನೆಗೆ ಬಂದ ಹಾಗೆ ಬಂದಿದ್ದವು. ನಮ್ಮ ಕೆಂಚಿಗೆ ಅಲಂಕಾರವೇ ಇರಲಿಲ್ಲ, ಮೈ ಮಾತ್ರ ಹೊಸ ತಾಮ್ರದ ಚೆಂಬಿನಂತೆ ಹೊಳೆಯುತ್ತಿತ್ತು. "ಯಾವ ಸೀಮೆ ಕುದುರೆರೀ?" ಎಂದು ಜನ ಕೇಳುವಾಗ ಅಪ್ಪ ಉಬ್ಬಸ ಮರೆತು ಎದೆ ಉಬ್ಬಿಸಿ ನಿಂತಿದ್ದ. ಅವನ ಜೀವಮಾನದಲ್ಲಿ ಅಂಥ ಗಳಿಗೆ ಅದೊಂದೇ ಬಂದದ್ದು. ಜಟಕಾದವನೂ ಅಲ್ಲೇ ಬೀಡಿ ಸೇದುತ್ತ ನಿಂತಿದ್ದ, ಮಾತಿನ ಪ್ರಕಾರ.

ತಿಪ್ಪೇಶಿ ಮಾವ ಮೊಟ್ಟಮೊದಲ ಸಲ ಕೆಂಚಿಯ ಬೆನ್ನೇರಿದ. ಕೆಂಚಿ ಒಮ್ಮೆ ಕತ್ತು ತಿರುಗಿಸಿ ಅವನ ಮಂಡಿಯನ್ನು ಮೂಸಿತು. ಟವಲು ಬೀಸಿದರು. ಉಳಿದ ಕುದುರೆಗಳು ಧೂಳೆಬ್ಬಿಸಿಕೊಂಡು ಹಾರಿದವು. ಧೂಳು ಇಳಿದಾಗ ನೋಡುತ್ತೇವೆ, ಕೆಂಚಿ ಹೊರಟಿದೆ. ನಡೆದುಕೊಂಡು.

ಒಂದೊಂದೇ ಹೆಜ್ಜೆ. ನೆಲ ಮುಟ್ಟಿ ನೋಡಿ, ಕಲ್ಲಿದ್ದರೆ ಪಕ್ಕಕ್ಕೆ ಸರಿದು, ಮೆತ್ತಗೆ ಇಡುವ ಹೆಜ್ಜೆ. ಮಾವ "ಹೈ, ಹೈ!" ಎಂದ, ಹಿಮ್ಮಡಿಯಲ್ಲಿ ತಿವಿದ. ತಿವಿಯುವ ಭರದಲ್ಲಿ ಒಂದು ಕಡೆಗೆ ಜಾರಿದ. ಕೆಂಚಿ ತಕ್ಷಣ ನಿಂತಿತು. ಹಿಂತಿರುಗಿ ಅವನನ್ನು ನೋಡುತ್ತ, ಅವನು ಸರಿಯಾಗಿ ಕೂರುವ ತನಕ ಕಾಯ್ದು, ಮತ್ತೆ ಹೆಜ್ಜೆ ಇಟ್ಟಿತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಬೆನ್ನಿನ ಮೇಲೆ ಬೆಚ್ಚಗೆ ಏನಾದರೂ ಉಸಿರಾಡುತ್ತಿದ್ದರೆ ಅದು ಕುರಿಮರಿ. ಕುರಿಮರಿ ಇದ್ದರೆ ಓಡಬಾರದು. ಇಷ್ಟನ್ನು ನಮಗೆ ತೋರಿಸುವುದಕ್ಕೆ ಅದಕ್ಕೆ ನಾವು ಒಂದು ದಿನವೂ ಅವಕಾಶ ಕೊಟ್ಟಿರಲಿಲ್ಲ.

ಜನ ಬಿದ್ದು ಬಿದ್ದು ನಕ್ಕರು. "ಮದಿಮಗನ ಮೆರವಣಿಗೆ ಕಣ್ರೋ, ವಾದ್ಯ ತರ್ರಿ!" "ಲೇ ತಮ್ಮಾ, ಇಳಿದು ನೀನೇ ಅದನ್ನ ಹೊತ್ಕಂಡು ಓಡು, ಬ್ಯಾಗ ಹೋಗ್ತೀಯ!" ಸಾಬರು ನಮ್ಮನ್ನು ಅರಿಯದವರಂತೆ ಇನ್ನೊಬ್ಬರ ಕುದುರೆಯ ಗೊರಸು ಪರೀಕ್ಷೆ ಮಾಡುತ್ತಿದ್ದರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ನಗುತ್ತಲೇ ಅವ್ವನ ಕಡೆ ತಿರುಗಿದೆ. ಅವಳು ಗೆದ್ದಿದ್ದಳಲ್ಲ, ಖುಷಿಯಾಗಿರುತ್ತಾಳೆ ಎಂದು.

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

"ಹಂಗೇ ನಡೀತಿತ್ತು" ಎಂದಳು.

"ಏನವ್ವ?"

"ಅವತ್ತೂ ಹಂಗೇ ನಡೀತಿತ್ತು ಕಣೇ."

ನನ್ನ ಹಿಂದೆ ಒಂದು ಗಂಡುಕೂಸು ಹುಟ್ಟಿ ಹೋಯಿತು ಎಂದಷ್ಟೇ ನನಗೆ ಗೊತ್ತಿತ್ತು. ಆಗ ನಾನು ಚಿಕ್ಕವಳು, ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಉಳಿದದ್ದನ್ನು ಅವ್ವ ಆ ನಗೆಯ ಗದ್ದಲದ ಮಧ್ಯೆ, ಬಯಲಿನ ಮೇಲಿಟ್ಟ ಕಣ್ಣು ಕೀಳದೆ, ತನಗೇ ಹೇಳಿಕೊಂಡಂತೆ ಹೇಳಿದಳು. ಗದ್ದೆ ಬಯಲಿನಲ್ಲಿ ಹುಟ್ಟಿದ ಕೂಸು. ಊರಿಗೆ ತಿರುಗುವಾಗ ಜ್ವರ. ಎಡಗಡೆ ಚೀಲದಲ್ಲಿ ಕೂಸು, ತೂಕ ಸರಿಹೋಗಲಿ ಎಂದು ಬಲಗಡೆ ಚೀಲದಲ್ಲಿ ಒಂದು ಮರಿ. "ಒಂಚೂರೂ ಕುಲುಕಿಸ್ಲಿಲ್ಲ ಅದು. ಕೂಸು ಅಳ್ಲಿಲ್ಲ, ನಿದ್ದೆ ಮಾಡ್ತೈತೆ ಅಂದ್ಕಂಡು ನಡ್ಕೊಂಡ್ ಬಂದೆ. ಹೊಳಲ್ಕೆರೆ ಕೆರೆ ಹತ್ರ ಹಾಲು ಕುಡಿಸಾಣ ಅಂತ ಚೀಲ ಬಿಚ್ಚಿದ್ರೆ, ಮರಿಗೆ ಉಸಿರಿತ್ತು, ಕೂಸಿಗೆ ಇರ್ಲಿಲ್ಲ."

ಕೆಂಚಿ ಒಂದು ಸಲ ಎಡವಿದ್ದರೂ ಕೂಸು ಅತ್ತಿರುತ್ತಿತ್ತು, ತನಗೆ ಗೊತ್ತಾಗಿರುತ್ತಿತ್ತು. ಅಷ್ಟು ಮೆತ್ತಗೆ ನಡೆದು ಅದು ಕೂಸು ಹೋದದ್ದನ್ನು ಮುಚ್ಚಿಟ್ಟಿತು. ಅವ್ವ ಇಷ್ಟು ವರ್ಷ ಕೆಂಚಿಯ ಮೇಲೆ ಹೊರಿಸಿದ್ದ ಅಪವಾದ ಇದು. ಅಪ್ಪ ಕುರಿಯನ್ನೆಲ್ಲ ಬಿಟ್ಟು ಅದನ್ನು ಇಟ್ಟುಕೊಂಡದ್ದೂ ಆ ಒಂದು ನಡಿಗೆಗೇ. ಮಗನನ್ನು ಕೊನೆಗೆ ಹೊತ್ತ ಜೀವ, ಅವನಿಗೆ ನೋವಾಗದ ಹಾಗೆ ಹೊತ್ತ ಜೀವ. ಇಬ್ಬರೂ ಒಂದೇ ಹಟ್ಟಿಯಲ್ಲಿ ಒಂದೇ ಕುದುರೆಯನ್ನು ನೋಡುತ್ತ, ಒಬ್ಬರಿಗೊಬ್ಬರು ಈ ಮಾತು ಎತ್ತದೆ, ಹುರುಳಿಕಟ್ಟಿಗೆ ಜಗಳವಾಡಿಕೊಂಡು ಬದುಕಿದ್ದರು.

ಬಯಲಿನಲ್ಲಿ ಮಾವ ಮತ್ತೆ ಜಾರಿದ. ಕೆಂಚಿ ಮತ್ತೆ ನಿಂತು ಹಿಂತಿರುಗಿ ನೋಡಿತು.

"ನೋಡು, ನೋಡು, ನಿಂತೈತೆ. ಅವತ್ತೂ ನಿಂತಿತ್ತು ಗಂಗಿ. ದಾರಿ ಮಧ್ಯದಾಗೆ ನಿಂತು ಹಿಂಗೇ ತಿರುಗಿ ನೋಡ್ತು. ಮೈಗಳ್ಳತನ ಅಂದ್ಕಂಡು ನಾನೇ ಕೋಲು ತಗಂಡು ಒಂದು ಬಿಟ್ಟೆ. 'ಹೇ, ನಡೀ' ಅಂದೆ. ಅದು ಹೇಳಾಕೆ ನಿಂತಿತ್ತು. ನಾನೇ ಹೊಡ್ದು ಅಟ್ಟಿದೆ."

ಇಷ್ಟು ಹೇಳಿ ಅವ್ವ ಜನರನ್ನು ತಳ್ಳಿಕೊಂಡು ಬಯಲಿಗಿಳಿದಳು. ಸೀರೆ ಉಟ್ಟ ಹೆಂಗಸೊಬ್ಬಳು ಪಂದ್ಯದ ನಡುವೆ ನಡೆದು ಹೋಗುವುದನ್ನು ನೋಡಿ ಜನರ ನಗು ಇನ್ನೂ ಜೋರಾಯಿತು. ಓಡಬೇಕಾದ ಕುದುರೆಗಳು ಓಡಿ ಮುಗಿಸಿ ನೀರು ಕುಡಿಯುತ್ತಿದ್ದವು. ಅವ್ವ ಕೆಂಚಿಯ ಹಗ್ಗ ಹಿಡಿದು ಅದರ ಪಕ್ಕದಲ್ಲೇ, ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಕೊನೆಯ ಗೆರೆಯ ತನಕ ಬಂದಳು. ಜಟಕಾದವನು ಬೀಡಿ ಎಸೆದು ಮುಂದೆ ಬಂದ. ಅಪ್ಪನೂ ಬಂದ. ಮುಖ ಬೂದಿಯಾಗಿತ್ತು. ಹಗ್ಗಕ್ಕೆ ಕೈಚಾಚಿದ.

"ಕೊಡು. ಮಾತು ಕೊಟ್ಟೀನಿ, ಸೋತೈತೆ."

"ಮಾತು ಯಾರಿಗೆ ಕೊಟ್ಟಿದ್ರಿ? ನನಗಲ್ವ?"

"ಹೂಂ."

"ವಾಪಸ್ ತಗಳ್ರಿ ಹಂಗಾದ್ರೆ. ನನಗೆ ಬ್ಯಾಡ ಅದು." ಆಮೇಲೆ ಜಟಕಾದವನ ಕಡೆ ತಿರುಗಿ, "ಹೋಗಪ್ಪ, ಬ್ಯಾರೆ ನೋಡ್ಕ. ಇದು ಓಡಲ್ಲ" ಎಂದಳು.

ಕುದುರೆಯ ಮೇಲಿದ್ದ ತಿಪ್ಪೇಶಿ ಮಾವನಿಗೆ ಏನೊಂದೂ ಅರ್ಥವಾಗದೆ, "ಅಕ್ಕ, ನಾನೀಗ ಇಳೀಬಹುದಾ?" ಎಂದು ಕೇಳಿದ. ಅವ್ವ ಅಳುತ್ತಲೇ ನಕ್ಕಳು.

ವಾಪಸು ಬರುವಾಗ ಅವ್ವ ಬಸ್ಸು ಹತ್ತಲಿಲ್ಲ. ಎಲ್ಲರೂ ನಡೆದೇ ಬಂದೆವು, ಹಗ್ಗ ಅವ್ವನ ಕೈಯಲ್ಲಿತ್ತು. ಹೊಳಲ್ಕೆರೆಯ ಕೆರೆ ಕಂಡಾಗ ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಏರಿಯ ಹತ್ತಿರ ಒಂದು ಜಾಗದಲ್ಲಿ ನಿಂತಳು. ಹಗ್ಗ ಸಡಿಲವಾದದ್ದಕ್ಕೆ ಕೆಂಚಿಯೂ ನಿಂತಿತು. ಈ ಸಲ ಯಾರೂ "ನಡೀ" ಎನ್ನಲಿಲ್ಲ. ಅಪ್ಪ ಟವಲು ತೆಗೆದು ಮುಖ ಒರೆಸಿಕೊಂಡು, "ಬಿಸ್ಲು" ಎಂದ. ಮೋಡ ಕವಿದಿತ್ತು.

ಮನೆಗೆ ಬಂದ ಮೇಲೆ ಅವ್ವ ಹಟ್ಟಿಯನ್ನು ಪೂರ್ತಿ ಗುಡಿಸಿದಳು. ಕಟ್ಟಿನ ಜಗಳವನ್ನು ಮಾತ್ರ ಇಬ್ಬರೂ ಬಿಡಲಿಲ್ಲ, ಈಗ ಅಪ್ಪ "ಬಸಿ" ಎನ್ನುವುದು, ಅವ್ವ "ಪಾಪ, ಕುಡೀಲಿ ಅದು" ಎನ್ನುವುದು. ಕೆಂಚಿ ಕೆಲವು ವರ್ಷ ಬದುಕಿತು. ಒಂದು ಬೆಳಿಗ್ಗೆ ಯಾರಿಗೂ ತೊಂದರೆ ಕೊಡದೆ ಹಟ್ಟಿಯಲ್ಲೇ ಮಲಗಿತ್ತು. ಅದರ ಹಿಂದೆ ಅಪ್ಪ, ಅಪ್ಪನ ಹಿಂದೆ ಅವ್ವ. ನಾನು ತಿಪ್ಪೇಶಿ ಮಾವನನ್ನೇ ಮದುವೆಯಾದೆ. ಮದುವೆಯ ಮೆರವಣಿಗೆಗೆ ಕುದುರೆ ತರುತ್ತೇವೆ ಎಂದಾಗ ಅವರು, "ಬ್ಯಾಡ್ರಪ್ಪ, ಒಂದ್ಸಲ ಆಗೈತೆ" ಎಂದಿದ್ದರು. ಕೊನೆಗಾಲದಲ್ಲಿ ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ಗಾಡಿ ಪ್ರತಿಯೊಂದು ಹಳ್ಳಕ್ಕೂ ಎತ್ತಿ ಹಾಕುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದು, "ಕೆಂಚಿ ಇದ್ದಿದ್ರೆ" ಎಂದರು. ಪೂರ್ತಿ ಮಾಡಲಿಲ್ಲ. ಮಾಡುವುದು ಬೇಕಿರಲಿಲ್ಲ.

ಹುರುಳಿ ಸಾರಿನ ವಾಸನೆಗೆ ಇಷ್ಟೆಲ್ಲ ಆಯಿತು ನೋಡಿ. ನನಗೂ ಈಗ ಕಾಳು, ಎಣ್ಣೆ, ನಡಿಗೆ ಎಲ್ಲ ನಡೆಯುತ್ತಿರುವುದರಿಂದ, ಈ ಮನೆಯಲ್ಲಿ ನಾನೇ ಕೆಂಚಿ ಎಂದು ಒಳಗೊಳಗೇ ಬೀಗುತ್ತಿದ್ದೆ. ನಿನ್ನೆ ಸಂಜೆ ಚಂದ್ರವಳ್ಳಿ ದಾರಿಯಲ್ಲಿ ಆ ಜಂಬ ಇಳಿಯಿತು. ಶೈಲಾ ಒಬ್ಬಳೇ ಹೋದರೆ ಸೆರಗು ಹಾರುವ ಹಾಗೆ ನಡೆಯುವವಳು, ಪೇಟೆಯಲ್ಲಿ ಅವಳ ಹಿಂದೆ ಹೋಗಲು ಯಾರಿಗೂ ಆಗುವುದಿಲ್ಲ. ನನ್ನ ಕೈ ಅವಳ ತೋಳಿನ ಮೇಲೆ ಬಿದ್ದದ್ದೇ ಹೆಜ್ಜೆ ಬದಲಾಯಿತು. ಒಂದೊಂದೇ ಹೆಜ್ಜೆ, ಕಲ್ಲಿದ್ದರೆ ಪಕ್ಕಕ್ಕೆ ಸರಿದು. ಪರೀಕ್ಷೆ ಮಾಡಿ ನೋಡೋಣವೆಂದು ನಾನು ಬೇಕೆಂದೇ ಸ್ವಲ್ಪ ವಾಲಿದೆ. ಅವಳು ತಕ್ಷಣ ನಿಂತು ತಿರುಗಿ ನೋಡಿದಳು. "ಏನಾತ್ರಿ ಅತ್ತೆ?" "ಏನಿಲ್ಲ, ನಡೀ." ಸ್ವಲ್ಪ ದೂರ ಹೋಗಿ ಮತ್ತೆ ವಾಲಿದೆ. ಮತ್ತೆ ನಿಂತಳು. ನನಗೆ ಒಳಗೊಳಗೇ ನಗು. ಆಮೇಲೆ ಒಂದು ಸಲ, ಏರು ಮುಗಿಯುವ ಹತ್ತಿರ, ನಿಜವಾಗಿಯೇ ಕಣ್ಣು ಕತ್ತಲಿಟ್ಟು ವಾಲಿದೆ. ಅವಳು ಹಿಂದಿನ ಹಾಗೆಯೇ ನಿಂತು, "ಏನಾತ್ರಿ ಅತ್ತೆ?" ಎಂದಳು. ನಾನೂ ಹಿಂದಿನ ಹಾಗೆಯೇ ನಕ್ಕು, "ಏನಿಲ್ಲ, ನಡೀ" ಎಂದೆ.